ಮೇಸ್ತ್ರಿಯ ಕಿವಿ

ವ್ಯಾನನ್ನು ಲಾರಿಯಿಂದ ಇಳಿಸಿದ ದಿನ ಗ್ಯಾರೇಜಿನ ಮುಂದೆ ಮೂರು ಜನ ಇದ್ದೆವು. ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ ಮೇಸ್ತ್ರಿ. ಅಮ್ಮತ್ತಿಯಿಂದ ಲಾರಿಯ ಹಿಂದೆಯೇ ತಮ್ಮ ಪುಟ್ಟ ಕಾರು ಓಡಿಸಿಕೊಂಡು ಬಂದಿದ್ದ ದನದ ಡಾಕ್ಟರಮ್ಮ. ಮತ್ತೆ, ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ದೇವರ ಮೇಲೆ ಭಾರ ಹಾಕಿ ಬಿಟ್ಟು, ರಸ್ತೆ ದಾಟಿ ಓಡಿಬಂದಿದ್ದ ನಾನು. ಕುಶಾಲನಗರದಲ್ಲಿ ಅಂಥ ಗಾಡಿ ಇಳಿಯುವುದು ದಿನಾ ಆಗುವ ಸಂಗತಿಯಲ್ಲ. ಬನ್ನಿನ ಹಾಗೆ ದುಂಡಗಿನ ಮೂತಿ, ಮಾಸಿದ ಹಸಿರು ಬಣ್ಣ, ಎಂಜಿನ್ನು ಹಿಂದೆ. ರೇಡಿಯೇಟರೇ ಇಲ್ಲ, ಗಾಳಿಯಲ್ಲೇ ತಣ್ಣಗಾಗುವ ಎಂಜಿನ್ನು. ಡಾಕ್ಟರಮ್ಮನ ತಂದೆ ಹೊರದೇಶದಲ್ಲಿ ಕೆಲಸ ಮಾಡಿ ಊರಿಗೆ ವಾಪಸು ಬರುವಾಗ ಹಡಗಿನಲ್ಲಿ ತರಿಸಿದ ವ್ಯಾನಂತೆ. ಡಾಕ್ಟರಮ್ಮ ಕ್ಲಚ್ಚು ಒತ್ತುವುದನ್ನು ಕಲಿತದ್ದೇ ಅದರಲ್ಲಿ.

ಮೇಸ್ತ್ರಿ ಒಂದು ಸುತ್ತು ಬಂದರು. ಹಿಂದಿನ ಬಾಗಿಲು ಎತ್ತಿ ಎಂಜಿನ್ನನ್ನು ನೋಡಿದರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ, "ಇದುಕ್ಕೆ ಇಲಿ ಯಾರು ಸಾಕಿದ್ದು?"

ಅವರು ಹಾಗೆಯೇ. ಕಾಯಿಲೆ ಕೇಳುವ ಮೊದಲು ತಮಾಷೆ. ಈಗ ಅವರಿಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಏಕೆಂದರೆ ಬರೆದದ್ದನ್ನು ಓದಿ, "ಏನಪ್ಪ ಅಂಗಡಿಯಪ್ಪ, ಇದೂ ಡೂಪ್ಲಿಕೇಟ್ ಮಾಲೇನಾ?" ಅಂದುಬಿಡುತ್ತಿದ್ದರು. ನನ್ನ ಹೆಸರು ಹಿಡಿದು ಅವರು ಕರೆದದ್ದೇ ಇಲ್ಲ. ಅಂಗಡಿ ಹಾಕಿದ ಹೊಸತರಲ್ಲಿ ನಾನು ಕೊಟ್ಟ ಒಂದು ವಾಷರು ಸವೆದುಹೋಯಿತೆಂದು, ಅಂದಿನಿಂದ ಕೊನೆಯವರೆಗೂ ನಾನು ಅಂಗಡಿಯಪ್ಪ. "ಒರಿಜಿನಲ್ ಅಂತೇಳಿ ಡೂಪ್ಲಿಕೇಟ್ ಕೊಡಬ್ಯಾಡ. ಡೂಪ್ಲಿಕೇಟ್ ಅಂತ ಹೇಳೇ ಕೊಡು, ನಾನು ಅದುಕ್ಕೆ ತಕ್ಕಂಗೆ ಗಾಡಿಗೆ ಬುದ್ಧಿ ಹೇಳ್ತೀನಿ" ಅನ್ನುವವರು. ಅವರ ಹಿರೀಕರೂ ನಮ್ಮವರ ಹಾಗೆ ಹಾಸನದ ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟವರು. ಆ ಸಲುಗೆಯೂ ಇತ್ತು.

ಬಿಳಿ ಅಂಗಿಯ ವಿಷಯ ಹೇಳಬೇಕು. ಗ್ಯಾರೇಜಿನಲ್ಲಿ ಬಿಳಿ ತೊಡುವ ಮೇಸ್ತ್ರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಣ್ಣೆ ತಾಗದ ಹಾಗೆ ಕೆಲಸ ಮಾಡಬಲ್ಲೆ ಅನ್ನುವ ಜಂಬ ಅದು. ಜಂಬ ಅವರಲ್ಲಿ ಧಾರಾಳವಾಗಿತ್ತು. ಅದರಲ್ಲಿ ದೊಡ್ಡ ಪಾಲು ಕಿವಿಯದು. ಒಳಗೆ ಚಹಾ ಕುಡಿಯುತ್ತಾ ಕೂತಿದ್ದವರು ರಸ್ತೆಯ ಕಡೆ ತಿರುಗಿಯೂ ನೋಡದೆ, "ನಾಪೋಕ್ಲು ಜೀಪು ಬತ್ತಾ ಐತೆ. ಒಂದು ಸಿಲಿಂಡರು ಮಲಗೈತೆ, ಪಾಪ ಅವನಿಗೆ ಗೊತ್ತಿಲ್ಲ" ಅನ್ನುವರು. ಜೀಪು ಬಂದು ನಿಲ್ಲುತ್ತಿತ್ತು. ಹೇಳಿದ್ದು ನಿಜವೇ ಆಗಿರುತ್ತಿತ್ತು. ಅಳತೆಯ ಉಪಕರಣ ಏನನ್ನೂ ಅವರು ನನ್ನಿಂದ ಕೊಂಡವರಲ್ಲ. "ಗೇಜು ನೀನೇ ಇಟ್ಕ. ನಂಗೆ ದೇವ್ರು ಎರಡು ಕೊಟ್ಟವ್ನೆ" ಎಂದು ಕಿವಿ ಹಿಡಿದು ತೋರಿಸುವರು.

ಇನ್ನು ವ್ಯಾನಿನ ಕಾಯಿಲೆ. ಅದಕ್ಕಿದ್ದುದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಲ್ಲ, ಆ ಕಾಲಕ್ಕೇ ಇಂಜೆಕ್ಷನ್ನು. ಒಳಗೆ ಹೋಗುವ ಗಾಳಿಯನ್ನು ಒಂದು ಸಣ್ಣ ಬಾಗಿಲು ತೂಗುತ್ತದೆ. ಇಷ್ಟು ಗಾಳಿ ಬಂತು ಎಂದು ಒಂದು ತಗಡಿನ ಪೆಟ್ಟಿಗೆಗೆ ವರದಿ ಹೋಗುತ್ತದೆ. ಆ ಪೆಟ್ಟಿಗೆ ಲೆಕ್ಕ ಹಾಕಿ, ನಾಲ್ಕು ಸಿಲಿಂಡರಿಗೂ ಇಂತಿಷ್ಟೇ ಪೆಟ್ರೋಲು ಚಿಮುಕಿಸು ಅನ್ನುತ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತು, ಮಳೆಗಾಲದ ಥಂಡಿ ಹಿಡಿದು, ಇಲಿಗಳು ವೈರು ತಿಂದು ಆ ಪೆಟ್ಟಿಗೆ ಸತ್ತುಹೋಗಿತ್ತು. ಡಾಕ್ಟರಮ್ಮ ಹೊರದೇಶದವರೆಗೂ ವಿಚಾರಿಸಿದ್ದರು. ಸಿಕ್ಕಿದರೂ ಅದು ಬದುಕಿದ ಪೆಟ್ಟಿಗೆಯೋ ಸತ್ತದ್ದೋ ಎಂದು ಹೇಳುವವರಿಲ್ಲ.

"ಎಲ್ಲರೂ ಗುಜರಿಗೆ ಹಾಕಿ ಅಂತಾರೆ ಮೇಸ್ತ್ರಿ. ನಾನು ಸರ್ಕಾರಿ ಕೆಲಸದಿಂದ ನಿವೃತ್ತಿ ಆದೆ. ಇದರಲ್ಲಿ ಔಷಧಿ ಇಟ್ಟುಕೊಂಡು ಎಸ್ಟೇಟ್ ಎಸ್ಟೇಟಿಗೆ ಹೋಗಿ ದನ, ನಾಯಿ ನೋಡಬೇಕು ಅಂತ ಆಸೆ. ಸಂಪಾಜೆಯಲ್ಲೂ ವಾರಕ್ಕೊಮ್ಮೆ ಬರ್ತೇನೆ ಅಂತ ಒಪ್ಪಿಕೊಂಡಿದ್ದೇನೆ" ಎಂದರು ಡಾಕ್ಟರಮ್ಮ.

ಮೇಸ್ತ್ರಿ ಅವರ ಬಾಯನ್ನೇ ನೋಡುತ್ತಾ ಕೇಳಿಸಿಕೊಂಡರು. "ಇಂಜೆಕ್ಷನ್ನು ತೆಗೆದು ಕಾರ್ಬುರೇಟರ್ ಕೂರ್‍ಸನ. ಈ ಕಡಿಗೊಂದು, ಆ ಕಡಿಗೊಂದು. ಬಾಳಾ ದಿನ ಆಗೋಗಿತ್ತು ಇಂಥ ಕೆಲ್ಸ ಮಾಡಿ" ಎಂದರು. ಮುಖ ಮದುವೆ ಮನೆಯವರ ಮುಖದ ಹಾಗಾಗಿತ್ತು.

ಆ ಮೇಲೆ ನನಗೂ ಬಿಡುವಿಲ್ಲ. ಮೈಸೂರಿನ ಹಳೆ ಬಿಡಿಭಾಗದ ಅಂಗಡಿಗಳಲ್ಲಿ ತಡಕಾಡಿ ಒಂದೇ ಜಾತಿಯ ಎರಡು ಕಾರ್ಬುರೇಟರು ಹುಡುಕಿದೆ. ಒಂದು ಸಿಕ್ಕರೆ ಇನ್ನೊಂದಿಲ್ಲ. ಎತ್ತಿನ ಜೋಡಿ ಹುಡುಕಿದ ಹಾಗೆ. ಅವು ಎಂಜಿನ್ನಿನ ಮೇಲೆ ಕೂರಲು ಬೇಕಾದ ಬಾಗಿದ ಪೈಪುಗಳನ್ನು ಲೇತ್‌ನವನ ಮುಂದೆ ಕೂತು ಮಾಡಿಸಿದೆ. ಇತ್ತ ಮೇಸ್ತ್ರಿ ಇಂಜೆಕ್ಷನ್ನಿನ ಸಾಮಾನನ್ನು ಒಂದೊಂದಾಗಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತಿದ್ದರು. ತೆಗೆದ ಸಾಮಾನನ್ನು ಅವರು ಎಂದೂ ಬಿಸಾಡಿದವರಲ್ಲ, ಮಾರಿದವರಲ್ಲ. ಗಾಡಿಯವರ ಕೈಗೇ ಕೊಡುವರು. ಸತ್ತ ಪೆಟ್ಟಿಗೆಯನ್ನೂ ಸುತ್ತಿಡುವುದನ್ನು ನೋಡಿ ನಾನು ನಕ್ಕೆ.

"ನಗಬ್ಯಾಡ. ಇದು ದಡ್ಡ ಅಂತ ತೆಗೀತಿಲ್ಲ. ಇದರ ಮಾತು ಬಲ್ಲೋರು ನಮ್ಮೂರಲ್ಲಿಲ್ಲ, ಅದುಕ್ಕೆ ತೆಗೀತಾ ಇವ್ನಿ. ನಾಳೆ ಯಾರಾದ್ರೂ ಬಲ್ಲೋನು ಹುಟ್ಟಬೋದು" ಎಂದರು.

ಈ ಪದ್ಧತಿಯಿಂದಲೇ ಒಂದು ಎಡವಟ್ಟೂ ಆಯಿತು. ಇಂಜೆಕ್ಷನ್ನಿನ ಪೆಟ್ರೋಲ್ ಪಂಪು ಇನ್ನೂ ಗಟ್ಟಿಯಾಗಿತ್ತು. ಕೆಲಸ ಮಾಡುವ ಸಾಮಾನನ್ನು ಗಾಡಿಯಿಂದ ಇಳಿಸುವುದು ಅವರಿಗೆ ಪಾಪ ಅನ್ನಿಸುತ್ತಿತ್ತು. ಆದರೆ ಆ ಪಂಪು ಪೆಟ್ರೋಲನ್ನು ನೂಕುವ ರಭಸ ಕಾರ್ಬುರೇಟರು ತಡೆಯುವಂಥದ್ದಲ್ಲ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ರಭಸ ಇಳಿಸಲು ನಡುವೆ ಒಂದು ತಿರುಪಿನ ಬಿರಡೆ ಹಾಕಿದರು. ಎಷ್ಟು ತಿರುಗಿಸಬೇಕೆಂದು ನೋಡಲು ನಾನು ಗೇಜು ತಂದೆ.

"ತಗಂಡೋಗು ಅತ್ಲಾಗೆ. ರಭಸ ಇಳೀತಿದ್ದಂಗೆ ಪಂಪಿನ ರಾಗ ಬದ್ಲಾಯ್ತದೆ. ಅದು ಕೇಳುಸ್ತದೆ" ಎಂದು ನನ್ನನ್ನು ಅಟ್ಟಿದರು.

ಆಗಲೇ ನಾನು ಕೆಲವು ಸಂಗತಿ ಗಮನಿಸಬೇಕಿತ್ತು. ವರ್ಷದಿಂದ ಅವರು ರಸ್ತೆಯ ಗಾಡಿಗಳ ಜಾತಕ ಹೇಳುವುದನ್ನು ನಿಲ್ಲಿಸಿದ್ದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಫೋನು ಬಂದರೆ ಹೆಂಡತಿಯೇ ಎತ್ತುವರು. "ಮೇಸ್ತ್ರಿಗೆ ಈಚೆಗೆ ಧಿಮಾಕು ಜಾಸ್ತಿ ಆಗೈತೆ" ಎಂದು ಜೀಪಿನವರು ನನ್ನ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ನಾನೂ ಹೂಂಗುಟ್ಟಿದ್ದೆ. ಜಂಬವಿದ್ದ ಮನುಷ್ಯ ಮಾತು ಕಮ್ಮಿ ಮಾಡಿದರೆ ಲೋಕಕ್ಕೆ ಕಾಣುವುದು ಜಂಬವೇ.

ವ್ಯಾನಿಗೆ ಮೊದಲ ಸಲ ಜೀವ ಕೊಟ್ಟ ಬೆಳಿಗ್ಗೆ ನಾನು ಮುಂದಿನ ಸೀಟಿನಲ್ಲಿ ಕೀಲಿ ಹಿಡಿದು ಕೂತಿದ್ದೆ. ಮೇಸ್ತ್ರಿ ಹಿಂದೆ ಎಂಜಿನ್ನಿನ ಮೇಲೆ ಬಗ್ಗಿದ್ದರು, ಡಾಕ್ಟರಮ್ಮ ಅವರ ಪಕ್ಕ. ಮೇಸ್ತ್ರಿ ಕೈ ಬೀಸಿದ್ದನ್ನು ಕನ್ನಡಿಯಲ್ಲಿ ನೋಡಿ ಕೀಲಿ ತಿರುಗಿಸಿದೆ. ಕೆಮ್ಮಿತು, ಮತ್ತೆ ಕೆಮ್ಮಿತು, ಹಿಡಿಯಿತು. ಸ್ವಲ್ಪ ಹೊತ್ತು ಸರಿಯಾಗಿಯೇ ಓಡಿತು. ಆಮೇಲೆ ಡಾಕ್ಟರಮ್ಮನ ದನಿ ಬಂತು. "ಮೇಸ್ತ್ರಿ, ಪೆಟ್ರೋಲ್ ಸುರೀತಿದೆ." ಮತ್ತೆ ಇನ್ನೂ ಗಟ್ಟಿಯಾಗಿ, "ಮೇಸ್ತ್ರಿ, ಹಿಂದಕ್ಕೆ ಸರೀರಿ." ನಾನು ಎಂಜಿನ್ನು ಆರಿಸಿ ಹಿಂದಕ್ಕೆ ಓಡಿದೆ.

ಎಡಗಡೆಯ ಕಾರ್ಬುರೇಟರು ತುಂಬಿ ತುಳುಕಿ, ಪೆಟ್ರೋಲು ಕಾದ ಸೈಲೆನ್ಸರಿನ ಮೇಲೆ ಬಿದ್ದು ಚುಂಯ್ ಚುಂಯ್ ಎಂದು ಹೊಗೆಯಾಡುತ್ತಿತ್ತು. ಮೇಸ್ತ್ರಿ ಬಲಗಡೆಯ ಕಾರ್ಬುರೇಟರಿಗೆ ಮುಖ ಹತ್ತಿರ ಹಿಡಿದು ಸ್ಕ್ರೂ ತಿರುಗಿಸುತ್ತಲೇ ಇದ್ದರು. ಎಂಜಿನ್ನು ನಿಂತದ್ದು ಯಾಕೆಂದು ನೋಡಲು ಸಹ ತಲೆ ಎತ್ತಿರಲಿಲ್ಲ. ಡಾಕ್ಟರಮ್ಮ ಹಸುವಿನ ಕರುವನ್ನು ಎಳೆಯುವ ಹಾಗೆ ಅವರ ಅಂಗಿ ಹಿಡಿದು ಈಚೆಗೆ ಎಳೆದರು. ನಾನು ಮರಳಿನ ಬಕೆಟ್ ಹಿಡಿದು ನಿಂತೆ. ಬೆಂಕಿ ಹತ್ತಲಿಲ್ಲ. ಹತ್ತಬಾರದೆಂದೇನೂ ಇರಲಿಲ್ಲ.

"ಆ ಬಿರಡೆ ಡೂಪ್ಲಿಕೇಟು" ಎಂದರು ಮೇಸ್ತ್ರಿ ನನ್ನ ಕಡೆ ನೋಡಿ, ಅಂಗಿಯ ಮೇಲಿನ ಕಲೆ ಒರೆಸಿಕೊಳ್ಳುತ್ತಾ.

ನನಗೆ ಸಿಟ್ಟು ಬಂತು. ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮ ಸುಮ್ಮನಿರೆಂದು ಕಣ್ಣು ಮಾಡಿದರು. ಮೆಲ್ಲಗೆ ಹೋಗಿ ಮೇಸ್ತ್ರಿಯ ಬೆನ್ನ ಹಿಂದೆ ನಿಂತು, ಸಾಧಾರಣ ದನಿಯಲ್ಲಿ, "ಮೇಸ್ತ್ರಿ, ನಿಮ್ಮ ಕಾಲ ಹತ್ತಿರ ನಾಗರಹಾವಿದೆ" ಎಂದರು.

ಮೇಸ್ತ್ರಿ ಅಂಗಿ ಒರೆಸಿಕೊಳ್ಳುತ್ತಲೇ ಇದ್ದರು. ನಾನು ಮಾತ್ರ ಎಗರಿ ಬೆಂಚಿನ ಮೇಲೆ ಕೂತಿದ್ದೆ.

ಡಾಕ್ಟರಮ್ಮ ಎದುರಿಗೆ ಬಂದರು. "ಎಷ್ಟು ದಿನ ಆಯ್ತು?" ಎಂದರು, ತುಟಿ ಕಾಣುವ ಹಾಗೆ.

ಮೇಸ್ತ್ರಿ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು, ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತರು. ತಡೆದು ತಡೆದು ಹೇಳಿದರು: "ಮೊದ್ಲು ಹಕ್ಕಿ ಹೋದ್ವು. ಬೆಳಿಗ್ಗೆ ಎದ್ರೆ ಒಂದೂ ಕೂಗಕ್ಕಿಲ್ಲ. ಮಳೆ ಜಾಸ್ತಿ ಆಗಿ ಎಲ್ಲಾದ್ರೂ ಹೋದ್ವೇನೋ ಅನ್ಕಂಡೆ. ಆಮೇಲೆ ಕುಕ್ಕರಿನ ಸೀಟಿ ಹೋಯ್ತು. ಈಗ ಎಂಜಿನ್ನು ಗಾಳಿ ಎಳೆಯೋ ಸದ್ದು. ಗುಡುಗುಡು ಕೇಳುಸ್ತದೆ. ಸಣ್ಣ ಸದ್ದೆಲ್ಲ ಹೋಗ್ಬುಡ್ತು." ಆಮೇಲೆ, "ಗಾಡಿ ತಗಂಡೋಗಿ ಡಾಕ್ಟ್ರಮ್ಮ. ಕಿವುಡ ಮೇಸ್ತ್ರಿ ಅಂದ್ರೆ ಕುರುಡ ಡ್ರೈವರು ಇದ್ದಂಗೆ. ಗೊತ್ತಾದ್ರೆ ನನ್ನ ಬಾಗ್ಲಿಗೆ ಯಾರು ಬತ್ತಾರೆ?"

ಅದು ನಿಜದ ಮಾತು. ಹೊಸ ಗಾಡಿಗಳು ಕಂಪ್ಯೂಟರಿಟ್ಟು ನೋಡುವ ಶೋರೂಮಿಗೆ ಹೋಗುತ್ತವೆ. ಅವರ ಬಾಗಿಲಿಗೆ ಬರುತ್ತಿದ್ದವೆಲ್ಲ ಕೇಳಿಸಿಕೊಂಡು ರಿಪೇರಿ ಮಾಡಬೇಕಾದ ಹಳೆಯವು. ವ್ಯಾನಿನಲ್ಲಂತೂ ಇನ್ನು ಉಳಿದದ್ದೇ ಕಿವಿಯ ಕೆಲಸ. ಎರಡು ಕಾರ್ಬುರೇಟರೂ ಸಮನಾಗಿ ಗಾಳಿ ಎಳೆಯಬೇಕು. ಒಂದು ರಬ್ಬರು ನಳಿಗೆಯ ತುದಿಯನ್ನು ಕಾರ್ಬುರೇಟರಿನ ಬಾಯಲ್ಲಿಟ್ಟು, ಇನ್ನೊಂದು ತುದಿ ಕಿವಿಗಿಟ್ಟು, ಇದರ ಉಸಿರು ಅದರ ಉಸಿರು ಒಂದೇ ಆಗುವ ತನಕ ಸರಿಮಾಡುವುದು ಅವರ ರೀತಿ. ಅದು ತಪ್ಪಿದರೆ ಒಂದು ಎತ್ತು ಎಳೆದು ಇನ್ನೊಂದು ನಿಂತ ಗಾಡಿ.

ಡಾಕ್ಟರಮ್ಮ ಹೇಳಿದರು, "ಬಿಚ್ಚಿದ ಸಾಮಾನೆಲ್ಲ ಬೆಂಚಿನ ಮೇಲಿದೆ, ಗಾಡಿ ಪೆಟ್ರೋಲ್ ಸುರಿಸ್ತಿದೆ. ತಗೊಂಡು ಹೋಗೋದು ಯಾವುದರಲ್ಲಿ? ಚೀಲದಲ್ಲಾ?"

ಈ ಹೊತ್ತಿಗೆ ಹಿಂದಿನ ಮನೆಯಿಂದ ಮೇಸ್ತ್ರಿಯ ಹೆಂಡತಿ ಬಂದು ನಿಂತಿದ್ದರು. ಅಕ್ಕ ಎಂದು ನಾನು ಕರೆಯುವುದು. ಅಷ್ಟು ವರ್ಷದಲ್ಲಿ ಆಕೆ ಗ್ಯಾರೇಜಿನ ಒಳಗೆ ಕಾಲಿಟ್ಟದ್ದು ನಾನು ಕಂಡಿರಲಿಲ್ಲ. ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ಕರೆದು ಹೋಗುವರು. ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ.

"ನಂಗೊತ್ತಿತ್ತು ಕಣಮ್ಮ" ಎಂದರು ಡಾಕ್ಟರಮ್ಮನಿಗೆ. "ಮದ್ವೆ ಆದಾಗಿಂದ ನಾ ಹೇಳಿದ್ದು ಕೇಳುಸ್ಕಂಡೋರಲ್ಲ. ಹಂಗಾಗಿ ಹೊಸ ಕಿವುಡು ಯಾವ್ದು, ಹಳೇ ಕಿವುಡು ಯಾವ್ದು ಅಂತ ತಿಳ್ಯಕ್ಕೆ ಒಸಿ ತಡ ಆಯ್ತು."

ನನಗೆ ನಗು ತಡೆಯಲಿಲ್ಲ. ಮೇಸ್ತ್ರಿ ಅನುಮಾನದಿಂದ, "ಏನಂದ್ಲು?" ಎಂದರು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಬೆಂಚಿನ ಮೇಲಿದ್ದ ನಳಿಗೆ ಎತ್ತಿಕೊಂಡು ಗಂಡನ ಮುಂದೆ ಹಿಡಿದರು. "ಇದ್ರಲ್ಲಿ ಏನು ಕೇಳ್ಬೇಕು, ಅದನ್ನ ಹೇಳಿ."

ಅಂದು ಏನೂ ಆಗಲಿಲ್ಲ. ಮೇಸ್ತ್ರಿ ಊಟ ಮಾಡಿ ಮಲಗಿದರು. ಮಾರನೆಯ ದಿನ ಗ್ಯಾರೇಜಿನ ಶಟರು ಅರ್ಧ ಮಾತ್ರ ಎದ್ದಿತ್ತು. ಅದರ ಮಾರನೆಯ ದಿನ ನನ್ನನ್ನು ಕರೆದು, "ಗೇಜು ಐತಾ?" ಎಂದರು. ಡೂಪ್ಲಿಕೇಟ್ ಅಂತ ಹೇಳೇ ಕೊಟ್ಟೆ. ಪಂಪಿನ ರಭಸ ಗೇಜಿನಲ್ಲಿ ನೋಡಿ, ಬಿರಡೆ ಸಾಲದೆಂದು ಕಂಡು, ಆ ಪಂಪನ್ನೇ ಇಳಿಸಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟರು. ಸಾಧು ಸ್ವಭಾವದ ಸಣ್ಣ ಪಂಪೊಂದನ್ನು ನನ್ನ ಅಂಗಡಿಯಿಂದಲೇ ಕೊಂಡರು.

ಉಸಿರು ಸರಿಮಾಡುವ ದಿನ ಡಾಕ್ಟರಮ್ಮನೂ ಬಂದರು. ಎಂಜಿನ್ನು ಓಡುತ್ತಿತ್ತು. ಅಕ್ಕ ನಳಿಗೆ ಕಿವಿಗಿಟ್ಟು ಬಗ್ಗಿದರು.

"ಬುಸ್ ಅಂತದೆ."

"ಆ ಕಡೇದು?" ಮೇಸ್ತ್ರಿ ಕೇಳಿದ್ದು ರಸ್ತೆಯಾಚೆಗೂ ಕೇಳಿಸಿರಬೇಕು.

"ಅದೂ ಬುಸ್ ಅಂತದೆ."

"ಯಾವ್ದು ಜಾಸ್ತಿ?"

"ಎರಡೂ ಬುಸ್ಸೇ."

ಮೇಸ್ತ್ರಿ ಹಣೆ ಚಚ್ಚಿಕೊಂಡರು. ಅಕ್ಕ ಮತ್ತೆ ಬಗ್ಗಿದರು. ಈ ಕಡೆ, ಆ ಕಡೆ, ಮತ್ತೆ ಈ ಕಡೆ. ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಗಂಡನ ಮುಖಕ್ಕೆ ತಿರುಗಿ ನಿಧಾನವಾಗಿ ಹೇಳಿದರು, "ಇದು ಕಾದ ಹೆಂಚಿಗೆ ನೀರು ಚಿಮುಕ್ಸಿದಂಗೈತೆ. ಅದು ದೋಸೆಹಿಟ್ಟು ಹುಯ್ದಂಗೈತೆ."

"ಹಿಟ್ಟು ಹುಯ್ದಿದ್ದು ಸಣ್ಣ ಸದ್ದಾ?"

"ಒಂದಿನನಾರ ಒಲೆ ಮುಂದೆ ನಿಂತಿದ್ರೆ ಗೊತ್ತಿರದು."

ಮೇಸ್ತ್ರಿ ಸ್ಕ್ರೂ ತಿರುಗಿಸಿದರು. ಅಕ್ಕ ಕೇಳಿ ಕೈ ಅಲ್ಲಾಡಿಸಿದರು. ಮತ್ತೆ ತಿರುಗಿಸಿದರು. ಬಹಳ ಹೊತ್ತು ಹಾಗೇ ನಡೆಯಿತು. ಕೊನೆಗೆ ಅಕ್ಕ ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡು, "ಎರಡೂ ಹಿಟ್ಟು ಹುಯ್ದಂಗೇ ಐತೆ" ಎಂದರು. ಮೇಸ್ತ್ರಿ ನಂಬಲಿಲ್ಲ. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಕೈ ತೆಗೆದು, ನನ್ನ ಕಡೆ ತಿರುಗಿ, "ಏನ್ ನೋಡ್ತಾ ಇದೀಯ? ಚಾ ತರ್‍ಸು" ಎಂದರು.

ಆಮೇಲೆ ಘಟ್ಟದ ಕೆಲಸ. ಇಂಜೆಕ್ಷನ್ನಿಗಾದರೆ ಒಳಗೆ ಬರುವ ಗಾಳಿಯ ಲೆಕ್ಕ ತಾನೇ ತಿಳಿಯುತ್ತದೆ. ಕಾರ್ಬುರೇಟರಿಗೆ ತಾನಿರುವುದು ಬೆಟ್ಟವೋ ತಗ್ಗೋ ಗೊತ್ತಾಗುವುದಿಲ್ಲ. ಮಡಿಕೇರಿಯಲ್ಲಿ ಗಾಳಿ ತೆಳು, ಪೆಟ್ರೋಲು ಜಾಸ್ತಿಯಾಗಿ ಗಾಡಿ ಉಬ್ಬಸ ಪಡುತ್ತದೆ. ಸಂಪಾಜೆಗೆ ಇಳಿದರೆ ಗಾಳಿ ದಪ್ಪ, ಪೆಟ್ರೋಲು ಸಾಲದೆ ಕೆಮ್ಮುತ್ತದೆ. ಹಾಗಾಗಿ ನಾಲ್ವರೂ ವ್ಯಾನಿನಲ್ಲಿ ಹೊರಟೆವು. ಮೇಲೆ ಒಮ್ಮೆ, ಕೆಳಗೆ ಒಮ್ಮೆ ನಿಲ್ಲಿಸಿ ಮೇಸ್ತ್ರಿ ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ ತುದಿಯ ಬಣ್ಣ ನೋಡಿದರು. ಅದಕ್ಕೆ ಕಿವಿ ಬೇಕಿಲ್ಲ. ಮಡಿಕೇರಿಯಲ್ಲಿ, "ಬೆಲ್ಲದ ಕಾಫಿ" ಎಂದರು. ಅಂದರೆ ಕಪ್ಪು, ಪೆಟ್ರೋಲು ಹೆಚ್ಚು. ಸಂಪಾಜೆಯಲ್ಲಿ, "ಬರೀ ಹಾಲು." ವಾಪಸು ಹತ್ತುವಾಗ ಜೋಡುಪಾಲದ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ, ಅಲ್ಲಿ ಪ್ಲಗ್ಗು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬರುವ ತನಕ ಪೆಟ್ರೋಲು ಬಿಡುವ ಸಣ್ಣ ತೂತಿನ ಜೆಟ್ಟು ಬದಲಿಸಿದರು.

"ಮಡಿಕೇರಿಗೆ ಸರಿಯಾಗಿ ಕೂರಿಸಬಹುದಿತ್ತಲ್ಲ ಮೇಸ್ತ್ರಿ? ನಾನು ಹೆಚ್ಚಾಗಿ ಇರೋದು ಮೇಲೇ" ಎಂದರು ಡಾಕ್ಟರಮ್ಮ.

"ಮ್ಯಾಗಳ ಊರಿಗೂ ಪೂರ್ತಿ ಸರಿ ಇರಬಾರ್ದು, ಕೆಳಗಳ ಊರಿಗೂ ಪೂರ್ತಿ ಸರಿ ಇರಬಾರ್ದು. ಆಗ ಎರಡೂ ಕಡೆ ನಡೀತದೆ" ಎಂದರು ಮೇಸ್ತ್ರಿ. ಆಮೇಲೆ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಹೆಂಡತಿಯ ಕಡೆ ಗಲ್ಲ ತೋರಿಸಿ, "ಸಂಸಾರ ಮಾಡಿ ಕಲ್ತಿದ್ದು" ಎಂದರು. ಅದೊಂದು ಮಾತನ್ನು ಮಾತ್ರ ಮೆಲ್ಲಗೆ ಹೇಳಿದ್ದು. ಅವರಿಗೆ ಹಾಗನ್ನಿಸಿತ್ತು ಅಷ್ಟೆ; ಅಕ್ಕನಿಗೆ ಚೆನ್ನಾಗಿಯೇ ಕೇಳಿಸಿತು.

ಡಾಕ್ಟರಮ್ಮ ಬಲವಂತ ಮಾಡಿ ಮೇಸ್ತ್ರಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಯಂತ್ರ ಹಾಕಿಸಿದರು. ಅದನ್ನು ಹಾಕಿಕೊಂಡು ಗ್ಯಾರೇಜಿಗೆ ಬಂದವರು ಸ್ವಲ್ಪ ಹೊತ್ತಿಗೇ ಕಿತ್ತು ಜೇಬಿಗೆ ಹಾಕಿದರು. "ಅದುಕ್ಕೆ ಎಲ್ಲಾ ಸದ್ದೂ ಒಂದೇ. ಸುತ್ತಿಗೇನೂ ಒಂದೇ, ಗಾಳಿನೂ ಒಂದೇ" ಎಂದು ಬೇಸರಪಟ್ಟರು. ಮನೆಯಲ್ಲಿ ಮಾತ್ರ ಹಾಕಿಕೊಳ್ಳುತ್ತಿದ್ದರಂತೆ. ಗ್ಯಾರೇಜಿನಲ್ಲಿ ಅಕ್ಕ ಇದ್ದರು. ಎಂಜಿನ್ನಿನ ಪಕ್ಕ ಒಂದು ಸ್ಟೂಲು, ಕೈಯಲ್ಲಿ ನಳಿಗೆ. ಜೀಪಿನವರು ಮೊದಮೊದಲು ನಕ್ಕರು. ಆಮೇಲೆ ಅಕ್ಕನಿಗೂ ನಮಸ್ಕಾರ ಹಾಕಿ ಒಳಗೆ ಬರತೊಡಗಿದರು. ಅವರಿಬ್ಬರ ನಡುವೆ ಒಂದು ಭಾಷೆಯೇ ಹುಟ್ಟಿಕೊಂಡಿತ್ತು. ಒಗ್ಗರಣೆ, ಹಿಟ್ಟು, ಹಾಲುಕ್ಕಿದ್ದು, ರೊಟ್ಟಿ ತಟ್ಟಿದ್ದು ಎಂದು ಅಕ್ಕ ಹೇಳುವುದು, ಮೇಸ್ತ್ರಿ ತಿರುಗಿಸುವುದು. ಮೇಸ್ತ್ರಿ ಕಿವುಡರೆಂದು ಊರಿಗೆಲ್ಲ ಗೊತ್ತಾಯಿತು. ಬರುವವರು ಬಂದೇ ಬಂದರು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ತೀರಿಕೊಂಡರು. ಎದೆ ನೋವು ಅಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ಡಾಕ್ಟರಮ್ಮ ಆ ಹಸಿರು ವ್ಯಾನಿನಲ್ಲೇ ಬಂದು ಇಡೀ ದಿನ ಅಕ್ಕನ ಪಕ್ಕದಲ್ಲಿ ಕೂತಿದ್ದರು. ಗ್ಯಾರೇಜಿನ ಶಟರು ಬಿತ್ತು.

ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಕರಿಕೆಯಿಂದ ಹಳೇ ಪೆಟ್ರೋಲ್ ಜೀಪೊಂದು ಬಂದು ಮುಚ್ಚಿದ ಶಟರಿನ ಮುಂದೆ ನಿಂತಿತು. ಎಂಜಿನ್ನಿನ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು. ಡ್ರೈವರು ಹಾರನ್ನು ಬಾರಿಸಿದ. ಹೇಳೋಣವೆಂದು ನಾನು ರಸ್ತೆ ದಾಟುವಷ್ಟರಲ್ಲಿ ಅಕ್ಕ ಮನೆಯಿಂದ ಈಚೆಗೆ ಬಂದಿದ್ದರು.

"ಮೇಸ್ತ್ರಿ ಇಲ್ವಾ?" ಎಂದ ಅವನು.

"ತೀರ್ಕಂಡು ತಿಂಗಳಾಯ್ತು ಕಣಪ್ಪ" ಎಂದರು ಅಕ್ಕ. ಅವನು ಸ್ಟೀರಿಂಗು ಹಿಡಿದು ಕೂತ. ಅಕ್ಕ ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದನ್ನೇ ಕೇಳುತ್ತಾ ನಿಂತಿದ್ದರು. "ಆರಿಸಬ್ಯಾಡ. ಬಾನೆಟ್ ಎತ್ತು" ಎಂದರು.

ಬಗ್ಗಿ ಕೇಳಿದರು. ಎಂಜಿನ್ನಿನ ಹಿಂಬದಿಗೆ ಹೋಗುವ ಸಣ್ಣ ರಬ್ಬರು ಪೈಪೊಂದರ ಮೇಲೆ ಬೆರಳಿಟ್ಟು ಒತ್ತಿದರು. ಎಂಜಿನ್ನು ಸಮನಾಯಿತು. ಬೆರಳು ತೆಗೆದರು, ಮತ್ತೆ ಏರಿಳಿಯಿತು.

"ಪೈಪು ಸೀಳೈತೆ. ಗಾಳಿ ಒಳಗೋಯ್ತಾ ಐತೆ" ಎಂದು ನನ್ನ ಕಡೆ ತಿರುಗಿದರು. "ಇಂಥದೊಂದು ತತ್ತ."

ತಂದುಕೊಟ್ಟೆ. "ಹಾಕೋರು ಯಾರಕ್ಕ?" ಎಂದೆ. ಅಕ್ಕ ಶಟರಿನ ಬೀಗ ತೆಗೆದು, ಅದನ್ನು ಮೊಣಕಾಲ ತನಕ ಎತ್ತಿ, ಒಳಗೆ ಕೈ ಹಾಕಿ ಒಂದು ಸ್ಕ್ರೂಡ್ರೈವರು ಎಳೆದು ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷ ನಾನು ಮಾರಿದ್ದೇ ಹೊರತು ಒಂದು ದಿನವೂ ತಿರುಗಿಸಿದವನಲ್ಲ. ಕೈಗೆಲ್ಲ ಮಸಿಯಾಗಿ, ಒಂದು ಕ್ಲಿಪ್ಪು ಎರಡು ಸಲ ಜಾರಿಬಿತ್ತು. ಹಾಕಿದೆ. ಅಕ್ಕ ಕಿವಿಗೊಟ್ಟು ಕೇಳಿ, ಇನ್ನೊಂದು ಚೂರು ಬಿಗಿ ಮಾಡಿಸಿ, ಬಾನೆಟ್ ಇಳಿಸಲು ಹೇಳಿದರು.

ಕತ್ತಲಾಗುವ ಮೊದಲೇ ಜೀಪು ಕರಿಕೆಯ ಕಡೆ ಹೋಯಿತು.